ದೀರ್ಘವಿಲ್ಲದ ಚೀಟಿಗಳು

ಹಸಿ ಶುಂಠಿಗೆ ಮಣ್ಣು ಮೆತ್ತಿಕೊಂಡಿರುವಾಗ ಒಂದು ವಾಸನೆ, ತೊಳೆದ ಮೇಲೆ ಇನ್ನೊಂದು. ಮೊನ್ನೆ ತರಬೇತಿಗೆಂದು ಶಿರಸಿಗೆ ಹೋದವಳು ಬಸ್ ಸ್ಟ್ಯಾಂಡಿನ ಎದುರು ರಸ್ತೆ ದಾಟಲು ನಿಂತಿದ್ದೆ. ತೊಳೆದ ಶುಂಠಿಯ ಚೀಲ ತುಂಬಿದ ಟೆಂಪೋ ಒಂದು ಮೂಗಿನ ಮುಂದೆಯೇ ಹಾದುಹೋಯಿತು. ಚೀಲಗಳಿಂದ ಇನ್ನೂ ನೀರು ಸೋರುತ್ತಿತ್ತು. ನಾನು ರಸ್ತೆ ದಾಟುವುದನ್ನು ಬಿಟ್ಟು ಹಾಗೇ ನಿಂತುಬಿಟ್ಟೆ. ಹಿಂದಿನಿಂದ ಯಾರೋ, “ಮೇಡಂ, ದಾಟೂದಾದ್ರೆ ದಾಟಿ” ಎಂದರು. ದಾಟಿದೆ. ಆದರೆ ತರಬೇತಿಯಲ್ಲಿ ಆ ಇಡೀ ದಿನ ಏನು ಹೇಳಿದರೋ, ದೇವರಾಣೆ, ಒಂದಕ್ಷರ ತಲೆಗೆ ಹೋಗಲಿಲ್ಲ. ತಲೆಯ ತುಂಬ ಕಲ್ಲುಗುಂಡಿಯ ಮಂಜೇ ತುಂಬಿಕೊಂಡಿತ್ತು.

ಕಲ್ಲುಗುಂಡಿ ಬನವಾಸಿಯಿಂದಾಚೆ ಇರುವ ಸಣ್ಣ ಊರು. ಹೈಸ್ಕೂಲಿನ ಕನ್ನಡ ಶಿಕ್ಷಕಿಯಾಗಿ ನನ್ನ ಮೊದಲ ನೇಮಕಾತಿ ಅಲ್ಲಿಗೇ ಆಯಿತು. ನಾನು ಹಾನಗಲ್ ಕಡೆಯವಳು, “ಬರ್ರಿ, ಕೂಡ್ರಿ” ಎಂದು ಬೆಳೆದವಳು. ಅಲ್ಲಿ ಹೋದರೆ ಒಂದೇ ಊರಲ್ಲಿ ಎರಡು ಕನ್ನಡ. ಮೇಲಿನಕೇರಿಯವರು ಆನು, ಎಂತ, ಇಲ್ಲೆ ಎಂದು ಮಾತಾಡುವವರು. ಕೆಳಗಿನಕೇರಿಯವರು ನಮ್ಮ ಸೀಮೆಯಿಂದಲೇ ಅಜ್ಜನ ಕಾಲದಲ್ಲಿ ಬಂದು ಗದ್ದೆ ಮಾಡಿ ನಿಂತವರು. ಅವರ ಬಾಯಲ್ಲಿ ನಮ್ಮ ಸೀಮೆಯ ಮಾತು ಹಾಗೇ ಉಳಿದಿತ್ತು. ಎರಡೂ ಕೇರಿಯವರಿಗೆ ನಾನು ‘ಅಕ್ಕೋರು’. ಅಲ್ಲಿ ಶಿಕ್ಷಕಿಗೆ ಹಾಗೇ ಕರೆಯುವುದು. ನನ್ನ ಜೊತೆ ಮಾತಾಡುವಾಗ ಮಾತ್ರ ಎಲ್ಲರೂ ಸ್ವಲ್ಪ ಪುಸ್ತಕದ ಕನ್ನಡಕ್ಕೆ ತಿರುಗುತ್ತಿದ್ದರು. ಹೀಗಾಗಿ ಮೇಲಿನಕೇರಿಯ ಮಾತು ನನಗೆ ಗೋಡೆಯಾಚೆಯಿಂದ ಕೇಳಿಸುವ ರೇಡಿಯೋ ಆಗಿತ್ತು, ಅಷ್ಟೆ. ಬರೆದದ್ದನ್ನು ಎಂದೂ ಕಂಡಿರಲಿಲ್ಲ.

ಚಳಿಗಾಲದಲ್ಲಿ ಆ ಊರಿಗೆ ಬೆಳಗಾಗುತ್ತಿದ್ದದ್ದೇ ಒಂಬತ್ತಕ್ಕೆ. ಅಲ್ಲಿಯವರೆಗೆ ಹಳ್ಳದ ಕಡೆಯಿಂದ ಎದ್ದ ಮಂಜು ಅನಾನಸು ಹೊಲಗಳ ಮೇಲೆ ಮಲಗಿರುತ್ತಿತ್ತು. ಪ್ರಾರ್ಥನೆಗೆ ನಿಂತ ಮಕ್ಕಳಲ್ಲಿ ಹಿಂದಿನ ಸಾಲು ಕಾಣುತ್ತಿರಲಿಲ್ಲ. ದನಿ ಮಾತ್ರ ಬರುತ್ತಿತ್ತು. ಹಳ್ಳದಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಶುಂಠಿ ತೊಳೆಯುವವರು ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು, ಯಾರೆಲ್ಲಿದ್ದಾರೆಂದು ತಿಳಿಯಲು. ನಾನು ಶಾಲೆಯ ಹಿಂದಿನ ಕೋಣೆಯಲ್ಲಿ ಹೊದ್ದು ಕೂತು ಆ ಕೂಗುಗಳನ್ನು ಕೇಳುತ್ತ ಚಹಾ ಕುಡಿಯುತ್ತಿದ್ದೆ. ಅಷ್ಟು ಸುಖ ನನಗೆ ಆಮೇಲೆ ಯಾವ ಊರಲ್ಲೂ ಸಿಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಊರಿನ ಮುಂದಾಳು ಮಾಬ್ಲಣ್ಣ. ಪೂರ್ತಿ ಹೆಸರು ಮಹಾಬಲೇಶ್ವರ. ಆ ಹೆಸರನ್ನು ರೇಷನ್ ಕಾರ್ಡು ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಐವತ್ತು ದಾಟಿದ, ಎತ್ತರದ, ಸದಾ ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡ ಮನುಷ್ಯ. ಗ್ರಾಮ ಪಂಚಾಯ್ತಿ ಸದಸ್ಯ. ಇಪ್ಪತ್ತು ವರ್ಷದಿಂದ ಅವನ ಹಟ ಒಂದೇ, ಕಲ್ಲುಗುಂಡಿ ಮತ್ತು ಸುತ್ತಲಿನ ಮಜರೆಗಳು ಹಳೇ ಪಂಚಾಯ್ತಿಯಿಂದ ಬೇರೆಯಾಗಿ ತಮ್ಮದೇ ಪಂಚಾಯ್ತಿ ಆಗಬೇಕು. ಕಾರಣವೂ ಸುಳ್ಳಲ್ಲ. ಪಂಚಾಯ್ತಿ ಆಫೀಸು ಹಳ್ಳದಾಚೆ ಇತ್ತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಒಂದು ದಾಖಲೆಗೆ ಸಹಿ ಹಾಕಿಸಲು ಬನವಾಸಿ ಸುತ್ತಿ ಹೋಗಬೇಕು. ಮುದುಕಿಯರು ಪಿಂಚಣಿ ವಿಚಾರಿಸಲು ಹೋಗಿ, ಸಾಹೇಬರಿಲ್ಲವೆಂದು ತಿರುಗಿ ಬರುತ್ತಿದ್ದರು. ಮಾಬ್ಲಣ್ಣ ಅವರೆಲ್ಲರ ಅರ್ಜಿ ಬರೆದುಕೊಟ್ಟು, ಶಿರಸಿಗೆ ಓಡಿ, ಕಾರವಾರಕ್ಕೆ ಓಡಿ, ಮನೆಗೆ ಬರುವುದು ಬಟ್ಟೆ ಬದಲಿಸಲು ಮಾತ್ರ ಎಂದು ಅವನ ಹೆಂಡತಿ ಸಾವಿತ್ರಕ್ಕ ಹೇಳುತ್ತಿದ್ದಳು. ಶುಂಠಿ ನೆಡಿಸುವವಳು, ಕೀಳಿಸುವವಳು, ತೊಳೆಸುವವಳು ಎಲ್ಲ ಅವಳೇ. “ನಮ್ಮನೆ ಯಜಮಾನ್ರನ್ನ ನೋಡೂದಾದ್ರೆ ತಹಶೀಲ್ದಾರ್ ಆಫೀಸಿಗೆ ಹೋಗಿ ಅಕ್ಕೋರೆ” ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅದರಲ್ಲಿ ನಗುವಂಥದ್ದು ಅಷ್ಟೇನೂ ಇರಲಿಲ್ಲವೆಂದು ತಿಳಿಯಲು ನನಗೆ ಸಮಯ ಹಿಡಿಯಿತು.

ಆ ವರ್ಷ ಚಹಾದಂಗಡಿಯ ಟಿ.ವಿ.ಯಲ್ಲಿ ಒಂದು ಸುದ್ದಿ ಬಂತು. ದೂರದ ಯಾವುದೋ ಚಳಿದೇಶದಲ್ಲಿ, ನಾವು ಬೇರೆ ದೇಶ ಆಗಬೇಕೋ ಬೇಡವೋ ಎಂದು ಜನರನ್ನೇ ಕೇಳಿದ್ದರಂತೆ. ಜನ ಬೇಡ ಎಂದರಂತೆ. ಬೇಕು ಎಂದು ಹೋರಾಡಿದ ನಾಯಕ ಮರುದಿನವೇ ಮೈಕಿನ ಮುಂದೆ ನಿಂತು, ಸೋತೆ, ಹೋಗುತ್ತೇನೆ ಎಂದುಬಿಟ್ಟನಂತೆ. ಮಾಬ್ಲಣ್ಣ ಚಹಾ ಆರಿಸಿಕೊಂಡು ಅದನ್ನೇ ನೋಡುತ್ತ ಕೂತಿದ್ದ.

“ನೋಡಿ ಅಕ್ಕೋರೆ, ಎಷ್ಟು ಚೆಂದ. ಹೊಡೆದಾಟಿಲ್ಲ, ಬಡಿದಾಟಿಲ್ಲ. ಒಂದು ಪ್ರಶ್ನೆ ಕೇಳೂದು, ಉತ್ತರ ತಗಳೂದು” ಎಂದ. ನಾನು ಹೂಂ ಎಂದೆ. ಅವನ ತಲೆಯಲ್ಲಿ ಹುಳ ಹೊಕ್ಕಿದ್ದು ನನಗೆ ಗೊತ್ತಾಗಲಿಲ್ಲ.

ವಾರದೊಳಗೆ ಊರಿಗೆಲ್ಲ ಸಾರಿದ. ಉಳಿದ ಮಜರೆಗಳು, ಮೊದಲು ಕಲ್ಲುಗುಂಡಿಯವರು ಒಪ್ಪಲಿ ಎಂದು ಕೂತಿದ್ದವು. ಸರಿ, ಕಲ್ಲುಗುಂಡಿಯನ್ನೇ ಕೇಳುವ ಎಂದ. ಸರ್ಕಾರದ ಲೆಕ್ಕಕ್ಕೆ ಬಾರದ, ಊರವರೇ ಊರಿಗಾಗಿ ನಡೆಸುವ ಮತದಾನ. ಗುರುತಿಗೆ ಮುದ್ರೆ ಒತ್ತುವುದಲ್ಲ. ಪ್ರತಿಯೊಬ್ಬರೂ ತಮ್ಮ ಕೈಯಿಂದ ಉತ್ತರ ಬರೆಯಬೇಕು, ಬರೆಯಲು ಬಾರದವರಿಗೆ ಮನೆಯವರು ಬರೆದುಕೊಡಬೇಕು. ಯಾರು ಏನು ಬರೆದರೆಂದು ಯಾರೂ ಕೇಳಬಾರದು. ಎಣಿಸುವವಳು ನಾನು, ಯಾಕೆಂದರೆ ನಾನು ಯಾವ ಕೇರಿಯವಳೂ ಅಲ್ಲ.

“ಸೋತ್ರ?” ಎಂದು ಕೆಳಗಿನಕೇರಿಯ ಬಸವ್ವ ಸಭೆಯಲ್ಲೇ ಕೇಳಿದಳು. ಬಸವ್ವ ಆ ಕೇರಿಯ ಹೆಂಗಸರ ಸಂಘ ನಡೆಸುವವಳು, ಮಾತು ಕಡ್ಡಿ ಮುರಿದಂತೆ. “ಸೋತ್ರ ಮುಂದಿನ ವರ್ಷ ಮತ್ತ ಇದನ್ನ ಹಿಡ್ಕೊಂಡು ಬರ್ತೀರೇನ್ರಿ?”

“ಇಲ್ಲ ಬಸವ್ವ. ಸೋತ್ರೆ ನಾ ಬಿಡ್ತೆ. ಮೆಂಬರಿಕೆಯೂ ಬೇಡ, ಮುಂದಾಳತ್ವವೂ ಬೇಡ” ಎಂದ ಮಾಬ್ಲಣ್ಣ. ಆ ಮನುಷ್ಯನಿಗೆ ಅದು ಬಿಟ್ಟರೆ ಬೇರೆ ಬದುಕೇ ಇಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಮರುದಿನ ಅವನು ಪ್ರಶ್ನೆ ಬರೆದುಕೊಂಡು ನನ್ನ ಕೋಣೆಗೆ ಬಂದ. “ಇದೊಂಚೂರು ನೋಡಿಕೊಡಿ. ತಪ್ಪಿದ್ರೆ ತಿದ್ದಿ.” ಹಾಳೆಯಲ್ಲಿ ಇದ್ದದ್ದು ಇಷ್ಟೇ: ನಾವು ಬೇರೆ ಆಗುವನ? ನನಗೆ ನಗು ಬಂತು. ಹೊಸದಾಗಿ ಕೆಲಸಕ್ಕೆ ಸೇರಿದ ಕನ್ನಡ ಶಿಕ್ಷಕಿಯ ಕೈಗೆ ಕೆಂಪು ಪೆನ್ನು ಸಿಕ್ಕರೆ ಕೇಳಬೇಕೆ. ಅದನ್ನು ಅಡ್ಡ ಹೊಡೆದು, ಕೆಳಗೆ ದುಂಡಗೆ ಬರೆದುಕೊಟ್ಟೆ: ಈಗಿನ ಪಂಚಾಯ್ತಿಯಲ್ಲಿಯೇ ಮುಂದುವರಿಯಲು ನಿಮ್ಮ ಸಮ್ಮತಿ ಇದೆಯೇ? ಮಾಬ್ಲಣ್ಣ ಎರಡು ಸಲ ಓದಿಕೊಂಡ. “ಭಾಳ ಚೊಲೋ ಆತು. ಸರ್ಕಾರದ್ದೇ ಇದ್ದಾಂಗೆ ಇದ್ದು” ಎಂದು ಖುಷಿಯಿಂದ ಹೋದ. ನಾನೂ ಅವತ್ತು ಬಹಳ ಖುಷಿಯಲ್ಲಿದ್ದೆ.

ಮತದಾನ ಶುಂಠಿ ಕೀಳುವ ಚಳಿಗಾಲದ ಒಂದು ಭಾನುವಾರ, ಶಾಲೆಯ ಹಾಲಿನಲ್ಲಿ. ಮಂಜು ಇನ್ನೂ ಕರಗಿರಲಿಲ್ಲ. ಶುಂಠಿ ಸಾಗಿಸುವ ಇಸ್ಮಾಯಿಲಣ್ಣ ಶಿರಸಿಯಿಂದ ಬೆಳಗ್ಗೆಯೇ ಟೆಂಪೋ ತಂದಿದ್ದ. ಚೀಲ ತುಂಬುವ ಮೊದಲು ಅಜ್ಜ ಅಜ್ಜಿಯರನ್ನು ತುಂಬಿಕೊಂಡು ಬಂದು ಇಳಿಸಿದ. ಜನ ಮಂಜಿನಿಂದ ಒಬ್ಬೊಬ್ಬರಾಗಿ ಮೂಡಿ ಬಂದು, ಮೂಲೆಯ ಬೆಂಚಿನಲ್ಲಿ ಕೂತು, ಪೆನ್ನಿನ ತುದಿ ಕಚ್ಚಿ, ಬರೆದು, ಮಡಿಸಿ, ತಗಡಿನ ಡಬ್ಬಿಗೆ ಹಾಕಿ, ಮತ್ತೆ ಮಂಜಿನೊಳಗೆ ಹೋಗುತ್ತಿದ್ದರು. ಮಾತೇ ಇಲ್ಲ. ನನಗೆ ಇವತ್ತಿಗೂ ಅದು ಕನಸಿನಲ್ಲಿ ಕಂಡದ್ದೋ ಏನೋ ಎನ್ನಿಸುವುದುಂಟು. ಚೀಟಿಗಳಿಗೆ ಅಂಟಿದ ಶುಂಠಿಯ ವಾಸನೆ ಮಾತ್ರ ನಿಜದ್ದು.

ಮಧ್ಯಾಹ್ನ ಎಣಿಕೆ. ನಾನು ಓದಿ ಹೇಳುವುದು, ಇಸ್ಮಾಯಿಲಣ್ಣ ಹಲಗೆಯ ಮೇಲೆ ಗೀಟು ಎಳೆಯುವುದು. ಬಲಕ್ಕೆ ‘ಬೇರೆ’, ಎಡಕ್ಕೆ ‘ಇರುವುದು’. ಮೊದಲ ಚೀಟಿ, “ಇಲ್ಲೇ ಇರ್ತೀವಿ”. ಎಡಕ್ಕೊಂದು ಗೀಟು. ಆಮೇಲೆ “ಸಮ್ಮತಿ ಇಲ್ಲ”, “ಐತಿ”, “ಬೇಡ”, “ಇಲ್ಲೇ ಚಲೋ”. ನಡುನಡುವೆ ಒಂದೇ ಪದದ ಚೀಟಿಗಳು ಬರುತ್ತಿದ್ದವು: ಇಲ್ಲೆ. ನನ್ನ ಕಣ್ಣು ಅದರ ಮೇಲೆ ಬಿದ್ದ ಕೂಡಲೇ, ದೀರ್ಘ ಬಿಟ್ಟಿದ್ದಾರೆ, ಅರ್ಧ ಅಂಕ ಕಡಿಮೆ ಎಂದು ಮನಸ್ಸು ಹೇಳುತ್ತಿತ್ತು. ಬಾಯಿ ತಿದ್ದಿ ಓದುತ್ತಿತ್ತು, “ಇಲ್ಲೇ”. ಎಡಕ್ಕೊಂದು ಗೀಟು. ನನ್ನ ತರಗತಿಯ ಅರ್ಧ ಮಕ್ಕಳು ಎಲ್ಲಿಯೂ ದೀರ್ಘ ಹಾಕುತ್ತಿರಲಿಲ್ಲ. ಅವರ ಅಪ್ಪ ಅಮ್ಮಂದಿರು ಹಾಕದಿದ್ದರೆ ಆಶ್ಚರ್ಯವೇನು.

ಎಣಿಕೆ ಮುಗಿದಾಗ ‘ಇರುವುದು’ ಹನ್ನೊಂದು ಗೀಟಿನಿಂದ ಮುಂದಿತ್ತು.

ಮಾಬ್ಲಣ್ಣ ಹಲಗೆಯನ್ನು ಸ್ವಲ್ಪ ಹೊತ್ತು ನೋಡಿದ. ಅವನಿಗೆ ಸಿಟ್ಟು ಬಂದಿದ್ದರೆ ನೋಡಲು ಸುಲಭವಾಗುತ್ತಿತ್ತು. “ಜನ ಹೇಳಿದ್ರು, ನಾ ಕೇಳಿದೆ” ಎಂದ. ಅಷ್ಟೇ. ಸಂಜೆ ರಾಜೀನಾಮೆ ಪತ್ರ ಬರೆದು ತಂದು, ತಪ್ಪು ನೋಡಿಕೊಡಿ ಎಂದ. ನಾನು ಕೆಂಪು ಪೆನ್ನು ತೆಗೆದೆ. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ಓದುತ್ತ ನನಗೆ ಅಳು ಬಂತು, ಅವನ ಎದುರೇ.

ಆಮೇಲಿನ ದಿನಗಳಲ್ಲಿ ಊರಿಗೆ ಮಾಬ್ಲಣ್ಣನ ಮುಖ ನೋಡಲು ಸಂಕೋಚ. ಅರ್ಜಿ ಬರೆಸಲು ಯಾರೂ ಬರಲಿಲ್ಲ. ಫೋನು ರಿಂಗಾಗಲಿಲ್ಲ. ಅವನು ಬೆಳಗ್ಗೆ ಪಂಚೆ ಎತ್ತಿ ಕಟ್ಟಿ ಹೆಂಡತಿಯ ಜೊತೆ ಹಳ್ಳಕ್ಕಿಳಿಯತೊಡಗಿದ. ಮಂಜಿನೊಳಗಿನಿಂದ ಅವರಿಬ್ಬರ ಮಾತು ಕೇಳುತ್ತಿತ್ತು. ಯಾವ ಬುಟ್ಟಿ ಎಲ್ಲಿಡಬೇಕು, ಬೇರು ಹೇಗೆ ಮುರಿಯಬೇಕು ಎಂದು ಅವಳು ಹೇಳಿಕೊಡುತ್ತಿದ್ದಳು, ಸ್ವಂತ ಹೊಲದ ಶುಂಠಿ ಅವನಿಗೆ ಹೊಸದು. ಒಮ್ಮೊಮ್ಮೆ ಸಾವಿತ್ರಕ್ಕನ ನಗು. ಅವಳು ಅಷ್ಟು ಜೋರಾಗಿ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಆ ತಿಂಗಳು ಅವಳ ಮೈಯೂ ಒಂಚೂರು ತುಂಬಿಕೊಂಡಿತು.

ಅವನು ಮಾತ್ರ ಒಳಗೊಳಗೇ ಸವೆಯುತ್ತಿದ್ದ. ಒಂದು ಮಧ್ಯಾಹ್ನ ಹಳ್ಳದ ಕಲ್ಲಿನ ಮೇಲೆ ಕೂತವನು ನನ್ನನ್ನು ಕೇಳಿದ, “ಅಕ್ಕೋರೆ, ಆ ಟಿ.ವಿ.ಯಲ್ಲಿ ಬಂದಿದ್ದನಲ್ಲ, ಸೋತವ. ಅವ ಈಗ ದಿನಾ ಎಂತ ಮಾಡ್ತಿರಬಹುದು?”

“ನಂಗೇನ್ ಗೊತ್ರೀ ಮಾಬ್ಲಣ್ಣ. ಪುಸ್ತಕ ಬರೀತಿರಬೇಕು.”

“ನನಗೆ ಅರ್ಜಿ ಬಿಟ್ರೆ ಬೇರೆ ಬರೆಯೂಲೆ ಬರೂದಿಲ್ಲ” ಎಂದು ನೀರಿಗೆ ಕಾಲು ಇಳಿಬಿಟ್ಟ. “ಇಪ್ಪತ್ತು ವರ್ಷ ಜನರ ಮನಸ್ಸು ಗೊತ್ತು ಅಂದ್ಕಂಡಿದ್ದೆ. ಒಂದು ಚೂರೂ ಗೊತ್ತಿರಲಿಲ್ಲ. ಸೋತಿದ್ದಕ್ಕಿಂತ ಅದೇ ಬೇಜಾರು.”

ಚಳಿ ಇಳಿಯುವ ಹೊತ್ತಿಗೆ ಒಂದು ಸಂಜೆ ಮೇಲಿನಕೇರಿಯ ಗಂಗಜ್ಜಿ ನನ್ನನ್ನು ಕರೆದು ಅಂಗಳದಲ್ಲಿ ಕೂರಿಸಿ ತೊಡದೇವು ಕೊಟ್ಟಳು. ಕಬ್ಬಿನ ಹಾಲಿನ ಆ ತೆಳು ಸಿಹಿ ಬಾಯಲ್ಲಿಟ್ಟರೆ ಕರಗುತ್ತದೆ. ನಾನು ನಾಲ್ಕನೆಯದಕ್ಕೆ ಕೈ ಹಾಕಿದ್ದೆ. ಗಂಗಜ್ಜಿ, “ಅಲ್ದೇ ತಂಗಿ, ಯಂಗವು ಮನೆಯವೆಲ್ಲ ‘ಇಲ್ಲೆ’ ಹೇಳೇ ಬರದ್ಯ. ಪಕ್ಕದ ಮನೆಯವೂ ಹಂಗೇ ಬರದ್ದ. ಮತ್ತೆ ನಮ್ಮ ಮಾಬ್ಲ ಎಂತಕ್ಕೆ ಸೋತ?” ಎಂದಳು.

“ಇಲ್ಲೇ ಅಂತ ಬರದ್ರ ಸೋಲದ ಏನಾಗ್ತದ ಅಜ್ಜಿ? ಇಲ್ಲೇ ಇರ್ತೀವಿ ಅಂದಂಗಲ್ಲ?”

ಗಂಗಜ್ಜಿ ನನ್ನನ್ನು ನೋಡಿದ ನೋಟ ಮರೆಯಲಾರೆ. “ಇಲ್ಲಿ ಅಲ್ದೇ ಕೂಸೆ. ಇಲ್ಲೆ. ಸಮ್ಮತಿ ಇದ್ದಾ ಕೇಳಿದ್ರೆ, ಇಲ್ಲೆ.”

ಬಾಯೊಳಗಿನ ತೊಡದೇವು ಕರಗಲೇ ಇಲ್ಲ. ಏಳು ತಿಂಗಳಿಂದ ಹಗಲೂ ಇರುಳೂ ಕಿವಿಗೆ ಬಿದ್ದ ಮಾತು ಅದು. ಹಾಲು ಇದ್ದಾ? ಇಲ್ಲೆ. ಬಸ್ಸು ಬಂತಾ? ಇಲ್ಲೆ. ಕಿವಿಗೆ ಗೊತ್ತಿದ್ದದ್ದು ಕಣ್ಣಿಗೆ ಗೊತ್ತಿರಲಿಲ್ಲ. ಅವರು ‘ಇಲ್ಲ’ ಎಂದು ಬರೆದದ್ದನ್ನು ನಾನು ‘ಇಲ್ಲಿಯೇ’ ಎಂದು ಓದಿದ್ದೆ. ಮಾಬ್ಲಣ್ಣನ ನೆಟ್ಟಗಿನ ಪ್ರಶ್ನೆಯನ್ನು ಹಾಗೇ ಬಿಟ್ಟಿದ್ದರೂ ಇದು ಆಗುತ್ತಿರಲಿಲ್ಲ. ಸಮ್ಮತಿ ಇದೆಯೇ ಎಂದು ಕೇಳಿ ಆ ಪದವನ್ನು ಅವರ ಪೆನ್ನಿನ ತುದಿಗೆ ತಂದವಳೂ ನಾನೇ.

ಶಾಲೆಯ ಬೀರುವಿನಿಂದ ಡಬ್ಬಿ ತೆಗೆದು ಕೋಣೆಯ ಬಾಗಿಲು ಹಾಕಿಕೊಂಡು ನೋಡಿದೆ. ದೀರ್ಘವಿಲ್ಲದ ಬರಿಯ ‘ಇಲ್ಲೆ’ ಚೀಟಿಗಳು ಹತ್ತೊಂಬತ್ತು. ಅದರಲ್ಲಿ ಇಲ್ಲ ಯಾವುದು, ಇಲ್ಲಿ ಯಾವುದು? ಕೆಳಗಿನಕೇರಿಯವರೂ ದೀರ್ಘ ನುಂಗುವವರೇ. ಯಾರಿಗೂ ಹೇಳದೆ ಡಬ್ಬಿ ಒಳಗಿಟ್ಟುಬಿಡಬಹುದಿತ್ತು. ಆ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಎರಡು ದಿನ ಬಂತು. ಮೂರನೆಯ ದಿನ ಡಬ್ಬಿ ಎತ್ತಿಕೊಂಡು ಮಾಬ್ಲಣ್ಣನ ಮನೆಗೆ ಹೋದೆ.

ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಡಬ್ಬಿಯನ್ನು ಜಗಲಿಯ ಚಾಪೆಯ ಮೇಲೆ ಸುರುವಿದ. “ಗುಟ್ಟು ಅಂತ ನಾನೇ ಹೇಳಿದ್ದೆ. ಆದ್ರೆ ಇವರೆಲ್ಲರ ಅಕ್ಷರ ನಂಗೆ ಗೊತ್ತು, ಎಂತ ಮಾಡ್ಲಿ” ಎಂದು ಹತ್ತೊಂಬತ್ತು ಚೀಟಿಯನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ಎರಡು ಗುಂಪು ಮಾಡಿದ. ಇಲ್ಲ ಎಂದವು ಹದಿಮೂರು, ಇಲ್ಲಿ ಎಂದವು ಆರು. ಇಬ್ಬರೂ ಮನಸ್ಸಿನಲ್ಲೇ ಕೂಡಿಸಿ ಕಳೆದೆವು. ಅವನು ಹದಿನೈದು ಮತದಿಂದ ಗೆದ್ದಿದ್ದ.

ಅವನ ಮುಖದಲ್ಲಿ ಬೆಳಕು ಬಂತು. ಗೆದ್ದದ್ದಕ್ಕಲ್ಲ, ಜನರ ಮನಸ್ಸು ತನಗೆ ಗೊತ್ತಿತ್ತು ಎನ್ನುವುದಕ್ಕೆ. “ಹಂಗಾರೆ ನಂಗೆ ತಪ್ಪಿರಲಿಲ್ಲ” ಎಂದು ತನಗೇ ಹೇಳಿಕೊಂಡ. ಉಳಿದ ಚೀಟಿಗಳನ್ನು ಡಬ್ಬಿಗೆ ತುಂಬತೊಡಗಿದವನು ಒಂದನ್ನು ಹಿಡಿದು ನಿಂತ. ದುಂಡಗಿನ ಅಕ್ಷರ. ‘ಇಲ್ಲೇ ಇರ್ಲಿ.’ ಅವತ್ತು ನಾನೇ ಓದಿ ಎಡಕ್ಕೆ ಗೀಟು ಹಾಕಿಸಿದ್ದ ಚೀಟಿ.

“ಅಕ್ಕೋರೆ, ಇದಕ್ಕೆ ದೀರ್ಘ ಸರಿ ಇದ್ದು” ಎಂದ. ದನಿ ಬೇರೆಯಾಗಿತ್ತು.

ಸಾವಿತ್ರಕ್ಕ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ಅವನು ಚೀಟಿಯನ್ನು ಅವಳ ಕಡೆ ಹಿಡಿದ. ಅವಳು ಲೋಟಗಳನ್ನು ಕೆಳಗಿಟ್ಟಳು. “ಆನು ಬರದಿದ್ದು ಪಂಚಾಯ್ತಿ ವಿಷಯ ಅಲ್ಲ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀವು ಎಲ್ಲರಿಗೂ ಹೇಳಿ ಅಕ್ಕೋರೆ. ಊರು ಕೇಳಿದ್ದು ಊರಿಗೆ ಸಿಗಲಿ. ನಂದು ಹನ್ನೆರಡಾಣೆ ಸಿಕ್ಕಿತ್ತು, ಈ ಒಂದು ತಿಂಗಳು” ಎಂದು ಒಳಗೆ ಹೋದಳು. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿಯೇ ಆಯಿತು. ಮಾಬ್ಲಣ್ಣ ಚಹಾ ಮುಟ್ಟಲಿಲ್ಲ. ನನಗೆ ಎದ್ದು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ಮುಂದಿನ ಭಾನುವಾರ ಹಾಲಿನಲ್ಲಿ ಎಲ್ಲರೆದುರು ನಿಂತು ನನ್ನ ತಪ್ಪು ಒಪ್ಪಿಕೊಂಡೆ. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಮೊದಲು ಒಂದು ಮೂಲೆಯಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಹಾಲು ನಕ್ಕಿತು. “ಕನ್ನಡ ಅಕ್ಕೋರಿಗೇ ಕನ್ನಡ ಬರೂದಿಲ್ಲ” ಎಂದು ಇಸ್ಮಾಯಿಲಣ್ಣ ಬಾಗಿಲಲ್ಲಿ ನಿಂತು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ನಗು ಇಳಿದ ಮೇಲೆ ಬಸವ್ವ ಎದ್ದಳು.

“ನಗೂದು ಆತು. ನಾವು ಇಲ್ಲೇ ಇರ್ತೀವಿ ಅಂದಿದ್ದು ಯಾಕ ಅಂತ ಯಾರರ ಕೇಳಿದ್ರೇನು? ಬ್ಯಾರೆ ಆದ ಮ್ಯಾಲೆ ಎಲ್ಲಾ ಮೇಲಿನಕೇರಿಯವ್ರದ ಆಕ್ಕತಿ ಅಂತ ನಮಗ ಅಂಜಿಕಿ. ಆಫೀಸು ನಮ್ಮ ಕೇರಿಯಾಗ ಮಾಡ್ತೀವಿ ಅನ್ರಿ, ನಾವೂ ಬರ್ತೀವಿ. ಮತ್ತೊಮ್ಮೆ ಚೀಟಿ ಹಾಕೂಣು. ಈ ಸಲ ಅಕ್ಕೋರ ಪ್ರಶ್ನೆ ಬ್ಯಾಡ. ‘ಬೇರೆ’ ಇಲ್ಲಾ ‘ಕೂಡಿ’, ಎರಡ ಮಾತು.”

ಮೇಲಿನಕೇರಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಮಾಬ್ಲಣ್ಣ ಗೋಡೆಗೊರಗಿ ಕೂತಲ್ಲಿಂದಲೇ, “ಆಗ್ಲಿ. ಬಸವ್ವ ಹೇಳಿದ್ದು ಸರಿ” ಎಂದ. ಅವನು ಹಾಗೆಂದ ಮೇಲೆ ಅವರೂ ಒಪ್ಪಿದರು. ಆಮೇಲೆ ನಾಲ್ಕು ಕಡೆಯಿಂದ ಒಂದೇ ಮಾತು. ಮಾಬ್ಲಣ್ಣ ಮತ್ತೆ ನಿಲ್ಲಬೇಕು, ಹೊಸ ಪಂಚಾಯ್ತಿಗೆ ಅವನೇ ಅಧ್ಯಕ್ಷ ಆಗಬೇಕು, ಅವನಿಲ್ಲದೆ ಕಾರವಾರಕ್ಕೆ ಓಡುವವರು ಯಾರು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೆಂಗಸರ ಸಾಲಿನಲ್ಲಿ ಕೂತಿದ್ದ ಸಾವಿತ್ರಕ್ಕ ಸೆರಗಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಇದ್ದಳು. “ಚೀಟಿ ಹಾಕೂವಾಗ ಹೇಳ್ತೆ” ಎಂದ ಕೊನೆಗೆ.

ಅದೇ ಮಧ್ಯಾಹ್ನ ಚೀಟಿ ಬರೆದರು. ನಾನು ಓದುತ್ತ ಹೋದೆ, ಇಸ್ಮಾಯಿಲಣ್ಣ ಗೀಟು ಎಳೆಯುತ್ತ ಹೋದ. ಬೇರೆ, ಬೇರೆ, ಕೂಡಿ, ಬೇರೆ. ಅರ್ಧ ಎಣಿಸುವಷ್ಟರಲ್ಲೇ ಫಲಿತಾಂಶ ಗೊತ್ತಾಗಿ ಹೋಗಿತ್ತು. ಮೇಲಿನಕೇರಿ, ಕೆಳಗಿನಕೇರಿ ಎರಡೂ ಒಂದೇ ಬೆಂಚಿನಲ್ಲಿ ಕೂತು ಹೊಸ ಪಂಚಾಯ್ತಿಯ ಕಟ್ಟಡದ ಬಣ್ಣದ ಬಗ್ಗೆ ಜಗಳ ಶುರುಮಾಡಿದ್ದರು. ನಾನು ಡಬ್ಬಿಯ ತಳಕ್ಕೆ ಕೈ ಹಾಕಿ ಕೊನೆಯ ಚೀಟಿ ತೆಗೆದೆ. ರಾಜೀನಾಮೆ ಪತ್ರದಲ್ಲಿ ಕಂಡ ಅದೇ ಅಕ್ಷರ, ಯಾರದೆಂದು ನೋಡಿದ ಕೂಡಲೇ ತಿಳಿಯಿತು. ಅದರಲ್ಲಿ ‘ಬೇರೆ’ ಇರಲಿಲ್ಲ, ‘ಕೂಡಿ’ಯೂ ಇರಲಿಲ್ಲ.

‘ಇಲ್ಲೇ ಇರ್ತೆ.’

ನಾನು ಓದದೆ ನಿಂತದ್ದು ಕಂಡು ಇಸ್ಮಾಯಿಲಣ್ಣ ಸುಣ್ಣದ ಕಡ್ಡಿ ಎತ್ತಿಹಿಡಿದು ಕೇಳಿದ, “ಗೀಟು ಯಾವ ಕಡೆ ಹಾಕ್ಲಿ ಅಕ್ಕೋರೆ?”

“ಯಾವ ಕಡೆಗೂ ಬ್ಯಾಡ್ರಿ” ಎಂದೆ. ಚೀಟಿಯನ್ನು ಮಡಿಸಿಕೊಂಡು ಹೆಂಗಸರ ಸಾಲಿನವರೆಗೆ ನಡೆದು, ಸಾವಿತ್ರಕ್ಕನ ಕೈಯಲ್ಲಿಟ್ಟು ಬಂದೆ.